ಮುಖ ತಿದ್ದುವ ದಾನವ್ವ ಹಕ್ಕಿಯ ಮುಂದೆ

ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಮತ್ತಿಕೆರೆಯ ಪಾರ್ಕಿನಲ್ಲಿ, ಸೋರುವ ನಲ್ಲಿಯ ಎದುರು ದಾನವ್ವ ಮಂಡಿಯೂರಿ ಕೂತಿದ್ದಾರೆ. ಕೊರಳಲ್ಲಿ ಸ್ಟುಡಿಯೋದ ಹಳೆಯ ಕ್ಯಾಮೆರಾ, ಮೇಲಿನಿಂದ ಬಗ್ಗಿ ನೋಡುವಂಥದ್ದು. ನೀರಿಗೆ ಬಂದ ಗೊರವಂಕ ಬಲಕ್ಕೆ ನಡೆದರೆ ಕ್ಯಾಮೆರಾದ ಗಾಜಿನಲ್ಲಿ ಎಡಕ್ಕೆ ನಡೆದಂತೆ ಕಾಣುತ್ತದೆ. ದಾನವ್ವ ಕ್ಯಾಮೆರಾವನ್ನೂ ಎಡಕ್ಕೇ ತಿರುಗಿಸುತ್ತಾರೆ; ಹಕ್ಕಿ ಮಾಯ. ನಲವತ್ತು ದಾಟಿದ ಅವರು ಹಕ್ಕಿಯ ಫೋಟೊಗೆ ಕೈಹಾಕಿರುವುದು ಇದೇ ಮೊದಲು. ಅಷ್ಟೇಕೆ, ಕ್ಯಾಮೆರಾ ಹಿಡಿದಿರುವುದೇ ಮೊದಲು.

ಫೋಟೊ ಮಾತ್ರ ಅವರಿಗೆ ಹೊಸದಲ್ಲ. ನರಗುಂದದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದಿದ್ದ ಗಂಡ ಕಾಯಿಲೆ ಬಿದ್ದು ತೀರಿಕೊಂಡಾಗ, ಯಶವಂತಪುರದ ಸ್ಟುಡಿಯೋ ಮಾಲೀಕ ಜಮೀರ್ ದಾನವ್ವನಿಗೆ ಟಚಿಂಗ್ ಕಲಿಸಿದರು. ಅಂದಿನಿಂದ ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗಿಟ್ಟು, ಚೂಪು ಪೆನ್ಸಿಲ್‌ನಿಂದ ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಮರೆಸುವುದೇ ಕೆಲಸ. ದಿನಕ್ಕೆ ಇಪ್ಪತ್ತು ಮೂವತ್ತು ಮುಖ. ಸುತ್ತಲಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಅವರ ಕೈಗೆಲಸವಿದೆ. ಆ ಮನೆಯವರಿಗೆ ಅವರು ಯಾರೆಂದೇ ಗೊತ್ತಿಲ್ಲ.

ಈಗ, 1985ರಲ್ಲಿ, ಎಲ್ಲರಿಗೂ ಕಲರ್ ಬೇಕು. ಫಿಲ್ಮ್ ನೇರ ಲ್ಯಾಬ್‌ಗೆ ಹೋಗುತ್ತದೆ. ಹೋದ ವಾರ ಜಮೀರ್ ಮೆಲ್ಲಗೆ ವಿಷಯ ತೆಗೆದರು: “ಟಚಿಂಗ್ ಇನ್ನು ಜಾಸ್ತಿ ದಿನ ಇರಲ್ಲ ಕಣಮ್ಮ. ಕ್ಯಾಮೆರಾ ಕಲ್ತ್ಕೊಂಡ್ರೆ ನೀವು ಇಲ್ಲೇ ಇರ್ಬಹುದು.”

ಗಿರಾಕಿಗಳ ಎದುರು ನಿಲ್ಲಲು ದಾನವ್ವನಿಗೆ ಅಳುಕು. “ಮಂದಿ ಮುಖ ನೋಡಿ ರೂಢಿ ಐತ್ರಿ. ಆದ್ರ ಅವ್ರು ನನ್ನ ನೋಡಿದ್ರ ಕೆಲಸಾನ ಮರ್ತು ಹೋಗ್ತೈತಿ,” ಎನ್ನುತ್ತಾರೆ. ಅದಕ್ಕೇ ಮೊದಲ ಪಾಠಕ್ಕೆ ಹಕ್ಕಿಯನ್ನು ಆರಿಸಿಕೊಂಡರು.

ರೋಲ್ ಮುಗಿಯುತ್ತ ಬಂದಾಗ ಅವರು ಹಕ್ಕಿಯ ಬೆನ್ನು ಹತ್ತುವುದನ್ನು ಬಿಡುತ್ತಾರೆ. ಕ್ಯಾಮೆರಾವನ್ನು ನಲ್ಲಿಯತ್ತ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತಾರೆ. ಗೊರವಂಕ ತಾನಾಗಿಯೇ ಬಂದು ಮೀಯತೊಡಗುತ್ತದೆ.

ಮಧ್ಯಾಹ್ನ ಜಮೀರ್ ರೋಲ್ ತೊಳೆದರೆ ಸಿಕ್ಕಿದ್ದು ಬರಿಯ ನಲ್ಲಿ, ಅರ್ಧ ಬಾಲ, ಮಸುಕು ಮಸುಕು. ಒಂದರಲ್ಲಿ ಮಾತ್ರ ಗೊರವಂಕ ಇಡಿಯಾಗಿ ಸಿಕ್ಕಿದೆ. ಗರಿಯೆಲ್ಲ ತೊಯ್ದು ಕೆದರಿ, ನೆಟ್ಟಗೆ ನೋಡುತ್ತಿದೆ. ಗರಿ ಸ್ವಲ್ಪ ತಿದ್ದೋಣವೇ ಎಂದು ಜಮೀರ್ ಕೇಳುತ್ತಾರೆ. ದಾನವ್ವ ಪೆನ್ಸಿಲ್ ಎತ್ತಿಕೊಂಡು, ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು ನೋಡಿ, ಪೆನ್ಸಿಲ್ ಕೆಳಗಿಡುತ್ತಾರೆ.

“ಬ್ಯಾಡ್ರಿ. ಅದು ಇದ್ದಾಂಗ ಇರ್ಲಿ.”

ಜಮೀರ್ ಆ ಫೋಟೊವನ್ನು ಮದುವೆ ಜೋಡಿಗಳ ನಡುವೆ, ಬೀದಿಗೆ ಕಾಣುವ ಗಾಜಿನೊಳಗೆ ತೂಗುಹಾಕುತ್ತಾರೆ. ನಾಳೆಯಿಂದ ಪಾಸ್‌ಪೋರ್ಟ್ ಫೋಟೊಗಳೆಲ್ಲ ದಾನವ್ವನ ಪಾಲಿಗೆ. ಹೆದರಿಕೆಯಿಲ್ಲವೇ ಎಂದರೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಗುತ್ತಾರೆ.

“ಐತ್ರಿ. ಆದ್ರ ಮನಷ್ಯಾರು ಹಗುರ ಅನಸ್ತೈತಿ ಈಗ. ಅಲುಗಾಡಬ್ಯಾಡ್ರಿ ಅಂದ್ರ, ಕೇಳ್ತಾರಲ್ಲ.”