ಅಣ್ಣ ಉಂಡು ಬಂದ ಇಟಲಿ

ಇಟಲಿಗೆ ಹೋಗಿ ಉಂಡು ಬಂದವನು ನನ್ನ ದೊಡ್ಡಮ್ಮನ ಮಗ, ಹೊಟ್ಟೆ ಉರಿದದ್ದು ನನಗೆ. ಆ ಉರಿಯಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಬಾಯಿಗೆ ಬಿಟ್ಟರೆ ನನ್ನಷ್ಟು ಚೆನ್ನಾಗಿ ಹೇಳುವುದಿಲ್ಲ, ಅದೊಂದೇ ಚಿಂತೆ.

ನಮ್ಮ ಕಡೆ ನನ್ನನ್ನು ಕರೆಯುವುದೇ ಯಾರನ್ನಾದರೂ ಅಣಕಿಸಿ ತೋರಿಸುವುದಕ್ಕೆ. ದಬ್ಬೇಘಟ್ಟದ ಬಸ್ಸಿನ ಕಂಡಕ್ಟರು ಜೇಬು ಝಣಗುಟ್ಟಿಸುತ್ತಲೇ ಚಿಲ್ಲರೆ ಇಲ್ಲ ಅನ್ನುವುದು, ದನದ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಸುಕಿ ಬೆಲೆ ಹೇಳುತ್ತಾ ಮುಖ ಮಾತ್ರ ಸಂತನ ಹಾಗೆ ಇಟ್ಟುಕೊಳ್ಳುವುದು, ಮದುವೆ ಮನೆಯಲ್ಲಿ ನಾನೇ ಪಾಯಸ ಬೇಡ ಬೇಡ ಎನ್ನುತ್ತಾ ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಯಾದ ಹೊತ್ತಿಗೆ ತೆಗೆದುಬಿಡುವುದು, ಎಲ್ಲ ಮಾಡುತ್ತೇನೆ. ಹುಳಿಯಾರಿನ ಸೋದರಮಾವನ ಮನೆಯಲ್ಲಿ ಈ ವಿದ್ಯೆಗೆ ಬೆಲೆಯಿತ್ತು. ಭಾನುವಾರ ನಾನು ಹೋದರೆ ಜಗಲಿ ತುಂಬುತ್ತಿತ್ತು. ಕೊಬ್ಬರಿ ವ್ಯಾಪಾರದ ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಗಿಲ ಹಿಂದೆ ನಿಂತು ಅವರ ಮಗಳೂ ನಗುತ್ತಿದ್ದಳು. ಅಷ್ಟು ದೂರ ಬಸ್ಸಿನಲ್ಲಿ ನೇತಾಡಿಕೊಂಡು ನಾನು ಹೋಗುತ್ತಿದ್ದದ್ದು ಆ ಬಾಗಿಲ ಹಿಂದಿನ ನಗೆಗೆ. ಅವಳ ಸೋದರತ್ತೆಯ ಮಗನಾದ್ದರಿಂದ ಅವಳನ್ನು ಮದುವೆಗೆ ಕೇಳುವ ವರಸೆ ನನಗಿತ್ತು. ಇನ್ನೊಬ್ಬ ಸೋದರತ್ತೆಯ ಮಗನಾದ್ದರಿಂದ ಅಣ್ಣನಿಗೂ ಇತ್ತು. ಆದರೆ ನಾನಿರುವಾಗ ಅವನನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಧೈರ್ಯವಾಗಿದ್ದೆ.

ಏಕೆಂದರೆ ಅಣ್ಣ, ಊಟ ಹೇಗಿತ್ತು ಎಂದು ಕೇಳಿದರೆ "ಆಯ್ತು" ಎನ್ನುವ ಪೈಕಿ. ಬೆಂಗಳೂರಿನ ಯಾವುದೋ ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿ ಜೋಡಿಸುವ ಕೆಲಸ. ಎಂಬತ್ತರ ದಶಕದ ಆರಂಭ ಅದು. ಆ ಕಾರ್ಖಾನೆಗೆ ಇಟಲಿಯಿಂದ ಹೊಸ ಯಂತ್ರ ಬರುವುದಿತ್ತು. ಅದರ ಕೆಲಸ ಕಲಿತು ಬಾ ಎಂದು ಅವನನ್ನು ಮೂರು ತಿಂಗಳು ಅಲ್ಲಿಗೆ ಕಳಿಸಿದರು. ಬಾಯಿದ್ದವನು ಅರಸೀಕೆರೆ ದಾಟಿರಲಿಲ್ಲ, ಬಾಯಿಲ್ಲದವನು ಸಮುದ್ರ ದಾಟಿದ.

ಅವನು ಹಿಂದಿರುಗಿ ಮಾವನ ಮನೆಗೆ ಬಂದ ಭಾನುವಾರ ನಾನು ಹೋಗುವಷ್ಟರಲ್ಲಿ ಜಗಲಿ ತುಂಬಿಹೋಗಿತ್ತು. ನಾನು ಕೂರುತ್ತಿದ್ದ ಕಂಬದ ಪಕ್ಕದಲ್ಲಿ ಅಣ್ಣ ಕೂತಿದ್ದ. ಜನ ಒಂದೊಂದೇ ಪ್ರಶ್ನೆ ಹಾಕಿ, ಬಾವಿಯಿಂದ ನೀರು ಸೇದುವ ಹಾಗೆ ಅವನಿಂದ ಇಟಲಿಯನ್ನು ಸೇದುತ್ತಿದ್ದರು. ನಾನು ಮೆಟ್ಟಿಲ ಮೇಲೆ, ಚಪ್ಪಲಿಗಳ ಜೊತೆ ಕೂತೆ.

ಮೊದಲ ದಿನ ಹೋಟೆಲಿಗೆ ಹೋದರೆ ಅಲ್ಲಿಯವರ ಭಾಷೆ ಇವನಿಗೆ ಬಾರದು, ಇವನ ಅರೆಬರೆ ಇಂಗ್ಲಿಷು ಅವರಿಗೆ ತಿಳಿಯದು. ಇವನೋ ಮಾಂಸ ಮುಟ್ಟದ ಶಿವಭಕ್ತರ ಮನೆಯವನು. ಕೊನೆಗೆ ತಲೆಯ ಮೇಲೆ ಎರಡು ಬೆರಳು ಕೊಂಬಿನ ಹಾಗಿಟ್ಟು, ಬೇಡ ಎಂದು ತಲೆಯಾಡಿಸಿದನಂತೆ. ತೋಳು ಬಡಿದು ಕೋಳಿಯಾದನಂತೆ, ಅದೂ ಬೇಡ ಎಂದನಂತೆ. ಹೋಟೆಲಿನವರು ನಕ್ಕೂ ನಕ್ಕೂ ಬೆನ್ನು ತಟ್ಟಿ ಒಳಗೆ ಹೋದರಂತೆ. ಕೋಳಿ ಮಾಡಬೇಕಾದವನು ನಾನು! ನಾನು ಹೋಗಿದ್ದರೆ ಕೋಳಿ ಮಾತ್ರವಲ್ಲ, ಅದನ್ನು ಅಟ್ಟಿಸಿಕೊಂಡು ಬರುವ ಅಜ್ಜಿಯನ್ನೂ ಮಾಡಿ ಕಾಸಿಲ್ಲದೆ ಉಂಡು ಬರುತ್ತಿದ್ದೆ. ತಡೆಯಲಾರದೆ ಎದ್ದು ನಿಂತು, ಅಣ್ಣ ಕೊಂಬು ಇಟ್ಟುಕೊಂಡದ್ದನ್ನು ಜಗಲಿಯಲ್ಲೇ ಅಣಕಿಸಿದೆ. ಎಲ್ಲರೂ ನಕ್ಕರು. ಬಾಗಿಲ ಹಿಂದಿನಿಂದ ನಗು ಮಾತ್ರ ಬರಲಿಲ್ಲ.

"ಆಮೇಲೆ ಏನ್ ತಂದ್ಕೊಟ್ರು ಭಾವ?" ಎಂಬ ಅವಳ ಪ್ರಶ್ನೆ ಬಂತು. ಕೇಳಿದ್ದು ಅವನನ್ನು.

ತಂದುಕೊಟ್ಟದ್ದು ನಮ್ಮ ಶಾವಿಗೆಯಂಥದೇ, ಅದಕ್ಕಿಂತ ದಪ್ಪ, ಟೊಮೆಟೊ ಗೊಜ್ಜು ಕಲಸಿದ್ದು. ಅದನ್ನು ಮುಳ್ಳುಚಮಚಕ್ಕೆ ಸುತ್ತಿ ತಿನ್ನುವುದು ಕಲಿಯುವ ಹೊತ್ತಿಗೆ ಅಂಗಿಯೆಲ್ಲ ಕೆಂಪಾಗಿತ್ತಂತೆ. ವಾರದ ಸಂತೆಯಲ್ಲಿ ಟೊಮೆಟೊವನ್ನೇ ನಾಲ್ಕಾರು ಬಗೆ ರಾಶಿ ಹಾಕಿರುತ್ತಾರಂತೆ. ಹುಳಿಯಾರು ಸಂತೆಯ ಅಭ್ಯಾಸದ ಮೇಲೆ ಇವನು ಒಂದನ್ನು ಹಿಸುಕಿ ನೋಡಿದ್ದಕ್ಕೆ ಅಂಗಡಿಯ ಹೆಂಗಸು ಕೈ ಮೇಲೆ ಪಟ್ ಎಂದು ಹೊಡೆದಳಂತೆ, ಆಮೇಲೆ ಪಾಪ ಅನ್ನಿಸಿ ತಾನೇ ಒಂದು ಹೋಳು ಕುಯ್ದು ಬಾಯಿಗಿಟ್ಟಳಂತೆ. ಇವನು ಬಾಡಿಗೆಗಿದ್ದ ಮನೆಯ ಮುದುಕಿ ಭಾನುವಾರಗಳಲ್ಲಿ ಪರದೇಶದವರನ್ನು ಕೂರಿಸಿಕೊಂಡು ಅಡುಗೆ ಪಾಠ ಹೇಳುತ್ತಿದ್ದಳಂತೆ. ಹಿಟ್ಟು ಕಲಸಿ, ಲಟ್ಟಿಸಿ, ಮಡಿಸಿ, ಎಳೆಯಾಗಿ ಕುಯ್ಯುವುದು. ಇವನ ಕೈ ಚೆನ್ನಾಗಿದೆ ಎಂದು ಆಕೆ ಹೊಗಳಿದಳಂತೆ. ಅದನ್ನು ಹೇಳುವಾಗ ಅಣ್ಣ ನಾಚಿಕೊಂಡ. ನನಗೆ ಆ ನಾಚಿಕೆಯನ್ನೂ ಅಣಕಿಸಬೇಕೆನಿಸಿತು, ಆದರೆ ಹೊಟ್ಟೆಕಿಚ್ಚಿನಲ್ಲಿ ಮುಖ ಮಾತು ಕೇಳಲಿಲ್ಲ.

ಆಮೇಲೆ ಅವನು ಪೆಟ್ಟಿಗೆ ತೆಗೆದ. ಒಂದು ಪೊಟ್ಟಣ ಆ ಶಾವಿಗೆ, ಕಾಗದದಲ್ಲಿ ಸುತ್ತಿದ ಒಂದು ತುಂಡು ಗಟ್ಟಿ ಚೀಸು. ಸಂಜೆ ತಾನೇ ಅಡುಗೆ ಮಾಡುತ್ತೇನೆ, ಚೀಸನ್ನು ಮೇಲೆ ತುರಿದುಹಾಕಬೇಕು ಎಂದ. ಮಾವ ಅದನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಕೊಬ್ಬರಿಯನ್ನು ಮೂಸಿಯೇ ಬೆಲೆ ಕಟ್ಟುವ ಮೂಗು ಅದು.

"ಕೌಟು ಬಂದೈತೆ ಕಣಪ್ಪ. ತಿಪಟೂರು ಮಂಡಿಗೆ ತಗಂಡೋದ್ರೆ ಮೂಟೆ ಸಮೇತ ಬೀದಿಗೆಸೀತಾರೆ" ಎಂದರು.

ಕೆಟ್ಟ ಕೊಬ್ಬರಿಗೆ ಅನ್ನುವ ಆ ಮಾತು ಕೇಳಿ ನನಗೆ ಬೆಳಗಿನಿಂದ ಮೊದಲ ಸಲ ಉಸಿರು ಬಂತು. ಅತ್ತೆ ಅದನ್ನು ದೇವರ ಕೋಣೆಯಿಂದ ದೂರ, ಹಿತ್ತಿಲ ಜಗಲಿಯಲ್ಲಿ ಇಡಿಸಿದರು. ಆದರೆ ಅಣ್ಣ ಮೆಲ್ಲಗೆ ಇನ್ನೊಂದು ಹೇಳಿದ. ಅಲ್ಲಿ ಈ ಚೀಸನ್ನು ಚಿಕ್ಕ ಬಂಡಿಗಾಲಿಯ ಹಾಗೆ ದುಂಡಗೆ, ದಪ್ಪಗೆ ಮಾಡಿ, ಅಟ್ಟಣೆಗಳ ಮೇಲೆ ವರ್ಷಗಟ್ಟಲೆ ಮಾಗಿಸುತ್ತಾರಂತೆ. ಒಬ್ಬಾತ ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗೆ ಕೆಟ್ಟಿದೆಯೋ ಇಲ್ಲವೋ ಹೇಳುತ್ತಾನಂತೆ. ಮಾವನ ಬೆನ್ನು ನೆಟ್ಟಗಾಯಿತು. ನಮ್ಮಲ್ಲೂ ಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಒಣಗಲು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಅಂದರೆ ಮಾತ್ರ ಒಡೆಯುವುದು. ಮಾವ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಇಲಿ ಕಾಟಕ್ಕೆ ಏನು ಮಾಡುತ್ತಾರೆ, ಕೆಳಗೆ ಹೊಗೆ ಹಾಕುತ್ತಾರೋ ಇಲ್ಲವೋ. ಇಷ್ಟು ವರ್ಷದಲ್ಲಿ ಮಾವ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆ ಕಂಡಕ್ಟರಂದು ಇನ್ನೊಂದ್ಸಲ ಮಾಡೋ ಎಂದದ್ದುಂಟು, ಅಷ್ಟೇ.

ಬಾಗಿಲ ಹಿಂದಿದ್ದವಳು ಅಷ್ಟರಲ್ಲಿ ಬಾಗಿಲ ಮುಂದಕ್ಕೆ ಬಂದು ಕೂತಿದ್ದಳು.

ಮಧ್ಯಾಹ್ನ ಉಂಡು ಎಲ್ಲರೂ ಅಡ್ಡಾದಾಗ ನಾನು ಹಿತ್ತಿಲಿಗೆ ಹೋಗಿ ಚೀಸನ್ನು ಎತ್ತಿಕೊಂಡೆ. ಏಣಿ ಹತ್ತಿ ಅಟ್ಟದ ಮೇಲೆ ಕಾಯಿ ರಾಶಿಯ ಹಿಂದೆ ತುರುಕಿದೆ. ಕದಿಯುವ ಉದ್ದೇಶವಲ್ಲ. ಸಂಜೆ ಅಡುಗೆಯ ಮಧ್ಯೆ ಚೀಸು ಕಾಣದೆ ಅವನು ಕಣ್ಣು ಕಣ್ಣು ಬಿಡುವುದನ್ನು ನೋಡಿಟ್ಟುಕೊಂಡರೆ ವರ್ಷಗಟ್ಟಲೆ ಅಣಕಿಸಬಹುದಿತ್ತು. ಅನುಮಾನ ಬರಬಾರದೆಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ಬೇಡದ ಕಾಫಿ ಕುಡಿದು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದೆ.

ಅಡುಗೆಮನೆಯಲ್ಲಿ ಯಾರೂ ಏನನ್ನೂ ಹುಡುಕುತ್ತಿರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಟೊಮೆಟೊ ಕುದಿಯುತ್ತಿತ್ತು. ಅದಕ್ಕೊಂದು ಸೊಪ್ಪು ಬೇಕು, ತುಳಸಿಯ ಹಾಗಿರುತ್ತದೆ ಎಂದು ಅಣ್ಣ ಅಂದದ್ದಕ್ಕೆ ಅತ್ತೆ ತುಳಸಿಯನ್ನು ಬೆಳ್ಳುಳ್ಳಿಗೆ ಹಾಕಲು ಒಪ್ಪದೆ ಕಾಮಕಸ್ತೂರಿ ಕಿತ್ತು ಕೊಟ್ಟಿದ್ದರು. ಅಣ್ಣ ಎಲೆಗಳಿಗೆ ಬಡಿಸಿದ. ಮಾವನ ಮಗಳು ಬಟ್ಟಲಲ್ಲಿ ಬೆಳ್ಳಗೆ ತುರಿದದ್ದನ್ನು ತಂದು ಮೇಲೆ ಉದುರಿಸಿದಳು. ನಾನು ಬಾಯಿಗಿಟ್ಟೆ. ಕೊಬ್ಬರಿ! ನಮ್ಮ ತಿಪಟೂರು ಸೀಮೆಯ ಅಪ್ಪಟ ಕೊಬ್ಬರಿ ತುರಿ.

ಮಾವ ಮೊದಲ ತುತ್ತನ್ನು ಹೆದರುತ್ತಾ ತಿಂದರು. ಎರಡನೆಯದನ್ನು ಹೆದರದೆ ತಿಂದರು. ಆಮೇಲೆ ಎಲೆಯಿಂದ ತಲೆ ಎತ್ತಲಿಲ್ಲ. ಹುಟ್ಟಿದಾಗಿನಿಂದ ಕೊಬ್ಬರಿಯಲ್ಲೇ ಹೊರಳಿದ ಮನುಷ್ಯ, ಹಾಲಲ್ಲಿ ಕೊಬ್ಬರಿ ರುಚಿ ತರ್ತಾರಲ್ಲಪ್ಪ ಈ ಇಟಲಿಯೋರು ಎಂದು ಬೆರಗಾದರು. ನನಗೆ ಅದನ್ನೂ ನುಂಗಿಕೊಳ್ಳಲಾಗುತ್ತಿತ್ತೇನೋ. ಆದರೆ ಮಾವ ಎರಡನೇ ಸಲ ಹಾಕಿಸಿಕೊಳ್ಳುತ್ತಾ ಅತ್ತೆಯ ಕಡೆ ತಿರುಗಿ, "ಇವನನ್ನ ಕಟ್ಕಂಡೋಳು ಒಲೆ ಮುಂದೆ ಕೂರಂಗಿಲ್ಲ ಬುಡು" ಎಂದುಬಿಟ್ಟರು.

ನನ್ನ ದನಿ ನನಗೇ ತಿಳಿಯದೆ ಎದ್ದಿತು, ಅದೂ ಯಾರ ಅಣಕವೂ ಅಲ್ಲದ ನನ್ನದೇ ದನಿ. "ಮಾವ, ಅದು ಇಟಲೀದಲ್ಲ, ನಿಮ್ಮ ಮನೇದೇ ಕೊಬ್ಬರಿ. ಇವನಿಗೆ ಹೊಗಳಿಕೆ ಯಾಕೆ? ಇಟಲೀದು ಅಟ್ಟದ ಮೇಲೈತೆ. ನಾನೇ ಬಚ್ಚಿಟ್ಟಿದ್ದು."

ಎಲ್ಲರ ಕೈ ಎಲೆಯಲ್ಲೇ ನಿಂತಿತು. ಅಣ್ಣ ತಲೆ ತಗ್ಗಿಸಿದ. ಮಾವನ ಮಗಳು ಮಾತ್ರ ಬಟ್ಟಲು ಹಿಡಿದು ನನ್ನ ಎಲೆಯ ಮುಂದೆ ಬಂದಳು, ಒಂದು ಹಿಡಿ ಕೊಬ್ಬರಿ ಉದುರಿಸಿದಳು.

"ಕೊಬ್ಬರಿ ಇಳ್ಸಕ್ಕೆ ಅಟ್ಟ ಹತ್ದಾಗ್ಲೇ ಅದು ಸಿಕ್ತು ಭಾವ. ನೀವು ಅತ್ಲಾಗೆ ಹೋದ್ಮೇಲೆ ನಾವಿಬ್ರೂ ಬೆಲ್ಲ ಕಚ್ಕಂಡು ತಿಂದ್ ಮುಗಿಸಿದ್ವಿ. ನಿಮ್ಮಣ್ಣ ನಿಮ್ಗೊಂದು ಚೂರು ಇಡಾನ ಅಂದ್ರು, ನಾನೇ ಬ್ಯಾಡ ಅಂದೆ."