ವಂದನಾರ್ಪಣೆ ಟೀಚರ್

ಸ್ವಾಗತ ಭಾಷಣಕ್ಕೆ ಜನ ಸಿಗುತ್ತಾರೆ. ಅಧ್ಯಕ್ಷತೆಗಂತೂ ಜಗಳವೇ ಆಗುತ್ತದೆ. ವಂದನಾರ್ಪಣೆಗೆ ಮಾತ್ರ ಒಬ್ಬರೂ ಸಿಗುವುದಿಲ್ಲ. ಯಾಕೆ ಸಿಗಬೇಕು ಹೇಳಿ? 'ಈಗ ವಂದನಾರ್ಪಣೆ' ಎಂದು ಮೈಕಿನಲ್ಲಿ ಕೂಗಿದ ಕೂಡಲೇ ಜನ ಚಪ್ಪಲಿ ಹುಡುಕುತ್ತಾರೆ, ತಾಯಂದಿರು ನಿದ್ದೆ ಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ, ಮುಖ್ಯ ಅತಿಥಿಗಳು ವಾಚು ನೋಡಿಕೊಳ್ಳುತ್ತಾರೆ. ಕೊಟ್ಟಿಗೆಹಾರದಿಂದ ಮೂರು ಮೈಲಿ ಒಳಗಿದ್ದ ಆ ಪುಟ್ಟ ಶಾಲೆಯಲ್ಲಿ ಯಾರಿಗೂ ಬೇಡವಾದ ಈ ಕೆಲಸ ಶುರುವಿನಿಂದ ಒಬ್ಬರ ಕೊರಳಿಗೇ ಬಿದ್ದಿತ್ತು. ಅವರು ಕನ್ನಡ ಟೀಚರ್ ವಿಶಾಲಾಕ್ಷಮ್ಮ. ಮಕ್ಕಳು ಅವರ ಬೆನ್ನ ಹಿಂದೆ 'ವಂದನಾರ್ಪಣೆ ಟೀಚರ್' ಅಂತಲೇ ಕರೆಯುತ್ತಿದ್ದವು. ಅದು ಅವರಿಗೆ ಗೊತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತೆರಡರಲ್ಲಿ ಐದಾರು ಜನ ಬೆಳೆಗಾರರು ಸೇರಿ, ಹಳೆಯ ಕಾಫಿ ಗೋಡೌನಿಗೆ ಕಿಟಕಿ ಇಡಿಸಿ ಶುರು ಮಾಡಿದ ಶಾಲೆ ಅದು. ಸರ್ಕಾರದ ಅನುದಾನವಿಲ್ಲ, ಮಠದ ಹಂಗಿಲ್ಲ. ಬೆಂಚು ಒಂದು ಎಸ್ಟೇಟಿನದು, ಸೌದೆ ಇನ್ನೊಂದು ಎಸ್ಟೇಟಿನದು, ಮೈಕ್ ಸೆಟ್ಟು ನಜೀರ್ ಸಾಬರದು, ಶಾಮಿಯಾನ ಶಿವಯ್ಯನವರದು. ಊರೇ ಸೇರಿ ನಡೆಸುವ ಶಾಲೆಯೆಂದರೆ ಕೇಳುವುದಕ್ಕೆ ಚೆಂದ. ವಂದನೆ ಹೇಳುವವರ ಪಾಡು ಕೇಳಬೇಡಿ! ನಲವತ್ತು ಹೆಸರು. ಒಂದು ಬಿಟ್ಟರೂ ಕಷ್ಟ, ಹಿಂದೆ ಮುಂದೆ ಆದರೂ ಕಷ್ಟ. ಶಾಲೆಯ ಉದ್ಘಾಟನೆಯ ದಿನವೇ ಬಾಯಿತಪ್ಪಿ ಶಿವಯ್ಯನವರ ಹೆಸರು ಬಿಟ್ಟುಹೋಯಿತು. ಜನ ಇನ್ನೂ ಕೆಳಗೆ ಕೂತಿರುವಾಗಲೇ ಆ ಮಹಾನುಭಾವರು ಶಾಮಿಯಾನದ ಹಗ್ಗ ಬಿಚ್ಚಿಸಿದರು. ಅಂದಿನಿಂದ ಪಟ್ಟಿಯನ್ನು ಮೊದಲೇ ಅಧ್ಯಕ್ಷರಾದ ಮಲ್ಲಿಕಾರ್ಜುನ ಗೌಡರಿಗೆ ತೋರಿಸಬೇಕೆಂದು ಕಟ್ಟಪ್ಪಣೆಯಾಯಿತು.

ಆ ನಲವತ್ತರಲ್ಲಿ ಇಲ್ಲದ ಹೆಸರು ಯಲ್ಲಮ್ಮನದು. ಬಯಲುಸೀಮೆಯ ಕಡೂರಿನ ಕಡೆಯವಳು. ತೋಟದ ಕೆಲಸಕ್ಕೆಂದು ಗಂಡನ ಜೊತೆ ಬಂದು, ಗಂಡ ತೀರಿಹೋದಮೇಲೂ ಕೂಲಿ ಲೈನಿನ ಸಾಲುಮನೆಯಲ್ಲೇ ಉಳಿದವಳು. ಶಾಲೆ ಶುರುವಾದ ಮೊದಲ ಜುಲೈಯಲ್ಲಿ ಮಕ್ಕಳು ಎರಡು ಮೂರು ಮೈಲಿ ನಡೆದು, ತೊಯ್ದು ತೊಪ್ಪೆಯಾಗಿ ಬಂದು ಹಲ್ಲು ಕಟಕಟ ಎನ್ನಿಸುತ್ತ ಬೆಂಚಿನ ಮೇಲೆ ಕೂರುತ್ತಿದ್ದವು. ಯೂನಿಫಾರ್ಮ್ ಬೇಕು, ಟೈ ಬೇಕು ಎಂದೆಲ್ಲ ಕಮಿಟಿಯವರಿಗೆ ಹೊಳೆದಿತ್ತು. ಒದ್ದೆ ಯೂನಿಫಾರ್ಮನ್ನು ಏನು ಮಾಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಕಸ ಗುಡಿಸಲು ಬಂದಿದ್ದ ಯಲ್ಲಮ್ಮ ಯಾರನ್ನೂ ಕೇಳದೆ ಹಿಂದಿನ ಕೋಣೆಯಲ್ಲಿ ಬೆಂಕಿ ಹಾಕಿದಳು, ಅದರ ಮೇಲೆ ಹಗ್ಗ ಕಟ್ಟಿದಳು. ಅಂಗಿ ಬಿಚ್ಚಿಸಿ, ಕಂಬಳಿ ಸುತ್ತಿ, ಮಕ್ಕಳನ್ನು ಸಾಲಾಗಿ ಕೂರಿಸಿ, ಕಾಲಿಗೆ ಕಚ್ಚಿದ ಇಂಬಳಗಳನ್ನು ಉಪ್ಪಿನ ಗಂಟು ಒತ್ತಿ ಬಿಡಿಸುತ್ತಿದ್ದಳು. ಮೊದಲ ಪೀರಿಯಡ್ಡು ಮುಗಿಯುವುದರೊಳಗೆ ಬೆಚ್ಚಗಿನ ಅಂಗಿ ತೊಡಿಸಿ ಕ್ಲಾಸಿಗೆ ಕಳಿಸುತ್ತಿದ್ದಳು. ಗೌಡರ ಮೊಮ್ಮಗಳು ಧನ್ಯಾಗೂ ಅದೇ ಕಂಬಳಿ, ಮೇಸ್ತ್ರಿಯ ಮಗನಿಗೂ ಅದೇ ಕಂಬಳಿ. ಮಳೆಗಾಲ ಮುಗಿದರೆ ಕಸ, ನೀರು, ಬಿದ್ದ ಮಕ್ಕಳ ಮಂಡಿಗೆ ಅರಿಸಿನ. ಹೀಗೆ ವರ್ಷ ವರ್ಷ.

ವಿಶಾಲಾಕ್ಷಮ್ಮ ಮೊದಲ ವರ್ಷವೇ ಆ ಹೆಸರು ಬರೆದಿದ್ದರು. ಗೌಡರು ಪಟ್ಟಿ ನೋಡಿ ಕನ್ನಡಕ ಮೇಲೇರಿಸಿದರು.

"ಇದ್ಯಾಕೆ ಟೀಚರ್ ಇದು?"

"ಮಕ್ಕಳನ್ನ ಅಷ್ಟು ಚೆನ್ನಾಗಿ ನೋಡ್ಕೊಂಡಿದಾಳಲ್ಲ ಸಾರ್."

"ಅಲ್ಲ ಮಾರಾಯ್ರೆ, ಅವಳಿಗೆ ಸಂಬಳ ಕೊಡ್ತೀವಲ್ಲ! ಸಂಬಳ ತಗೊಳ್ಳೋರಿಗೆಲ್ಲ ವಂದನೆ ಹೇಳ್ತಾ ಕೂತ್ರೆ ನಾಳೆ ನಿಮಗೂ ಹೇಳ್ಬೇಕಾಗ್ತದೆ."

ತಮ್ಮ ಮಾತಿಗೆ ತಾವೇ ನಕ್ಕು ಹೆಸರಿನ ಮೇಲೆ ಗೀಟು ಎಳೆದರು. ವಿಶಾಲಾಕ್ಷಮ್ಮನವರಿಗೆ ಏನು ಉತ್ತರ ಕೊಡಬೇಕಿತ್ತೆಂದು ಹೊಳೆದದ್ದು ಮನೆಗೆ ಹೋದ ಮೇಲೆ. ಆ ದಿನ ಅವರು ಅಕ್ಕಿ ರೊಟ್ಟಿ ತಟ್ಟಿದ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ. ಮರುವರ್ಷ ಮತ್ತೆ ಬರೆದರು, ಮತ್ತೆ ಗೀಟು ಬಿತ್ತು. ಅದರ ಮರುವರ್ಷವೂ ಅಷ್ಟೆ. ಹೀಗೆ ಹದಿಮೂರು ಸಲ! ಗೌಡರು ಕೆಟ್ಟವರಲ್ಲ, ಅದೇ ತಾಪತ್ರಯ. ಕೆಟ್ಟವರಾಗಿದ್ದರೆ ನಾಲ್ಕು ಬೈದಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಕಾಫಿ ರೇಟು ನೆಲಕಚ್ಚಿದ ವರ್ಷಗಳಲ್ಲೂ ಶಾಲೆಗೆ ಬೀಗ ಬೀಳದಂತೆ ನೋಡಿಕೊಂಡವರು ಅವರೇ. ಆದರೆ ಈ ಒಂದು ವಿಷಯದಲ್ಲಿ ಬಂಡೆಗೆ ತಲೆ ಚಚ್ಚಿಕೊಂಡ ಹಾಗಾಗುತ್ತಿತ್ತು.

ಎರಡು ಸಾವಿರದ ಆರನೇ ಇಸವಿ ಬಂತು. ಯಲ್ಲಮ್ಮನಿಗೆ ಮಂಡಿ ಹಿಡಿದುಕೊಂಡಿತ್ತು, ಒಲೆ ಮುಂದೆ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಬೀರೂರಿನಲ್ಲಿದ್ದ ಮಗಳು ಬಂದುಬಿಡು ಎಂದು ಹೇಳಿ ಕಳಿಸಿದಳು. ಕಾಫಿ ಕುಯ್ಲು ಮುಗಿದು ಬೆಳೆಗಾರರಿಗೆ ಬಿಡುವಾದ ಮೇಲೆ, ಮಾರ್ಚ್ ಮೊದಲ ವಾರದಲ್ಲಿ ವಾರ್ಷಿಕೋತ್ಸವ. ಮರುದಿನವೇ ಯಲ್ಲಮ್ಮ ಊರು ಬಿಡುವುದೆಂದಾಯಿತು. ಈ ಸಲ ಹೇಳದಿದ್ದರೆ ಇನ್ನು ಯಾವ ಜನ್ಮಕ್ಕೆ ಹೇಳುವುದು? ವಿಶಾಲಾಕ್ಷಮ್ಮ ಗೌಡರಿಗೆ ನಲವತ್ತು ಹೆಸರಿನ ಪಟ್ಟಿ ತೋರಿಸಿ ಸಹಿ ಹಾಕಿಸಿಕೊಂಡರು. ನಲವತ್ತೊಂದನೆಯದನ್ನು ಬರೆಯಲೇ ಇಲ್ಲ. "ಈಗ ನೋಡಿ ನಿಮಗೆ ಬುದ್ಧಿ ಬಂತು," ಎಂದು ಗೌಡರು ಖುಷಿಪಟ್ಟರು. ವಿಶಾಲಾಕ್ಷಮ್ಮ ಹಲ್ಲು ಕಚ್ಚಿಕೊಂಡು ನಕ್ಕರು.

ಅಂದು ಮುಖ್ಯ ಅತಿಥಿಯಾಗಿ ಬಂದದ್ದು ಚಿಕ್ಕಮಗಳೂರಿನ ಒಬ್ಬ ನಿವೃತ್ತ ಅಧಿಕಾರಿ. 'ಎರಡೇ ಮಾತು ಹೇಳಿ ಮುಗಿಸುತ್ತೇನೆ' ಎಂದು ಶುರು ಮಾಡಿ ಒಂದು ಗಂಟೆ ಕೊರೆದರು. ಹೊತ್ತು ಮುಳುಗಿತು. ಮಕ್ಕಳ ಮುಖದ ಬಣ್ಣ ಕರಗಿತು. ಗೌಡರು ಕುರ್ಚಿಯಲ್ಲೇ ಬಗ್ಗಿ, "ಟೀಚರ್, ಚುಟುಕಾಗಿ ಮುಗಿಸಿಬಿಡಿ," ಎಂದರು. ಹದಿನಾಲ್ಕು ವರ್ಷದಿಂದ ಅದೇ ಮಾತು. ವಿಶಾಲಾಕ್ಷಮ್ಮ ಮೈಕಿನ ಮುಂದೆ ನಿಂತಾಗ ಆಗಲೇ ಅರ್ಧ ಜನ ಎದ್ದಿದ್ದರು.

"ಮೊಟ್ಟಮೊದಲನೆಯದಾಗಿ, ನಮ್ಮ ಮಕ್ಕಳನ್ನ ಹದಿನಾಲ್ಕು ಮಳೆಗಾಲ ಬೆಚ್ಚಗೆ ಇಟ್ಟ ಯಲ್ಲಮ್ಮನಿಗೆ ವಂದನೆಗಳು."

ಚಪ್ಪಲಿ ಹುಡುಕುತ್ತಿದ್ದವರು ಹಾಗೇ ನಿಂತರು. ಹಿಂದೆ ಬೈಕುಗಳಿಗೆ ಒರಗಿ ನಿಂತಿದ್ದ ಹಳೆಯ ವಿದ್ಯಾರ್ಥಿಗಳು ಮೊದಲು ಚಪ್ಪಾಳೆ ಹೊಡೆದರು, ಆಮೇಲೆ ಮಕ್ಕಳು 'ಯಲ್ಲಮ್ಮಾ!' ಎಂದು ಕೂಗಿದವು, ಶಾಮಿಯಾನವೇ ಹಾರಿಹೋಗುವಂಥ ಗದ್ದಲ. ಆದರೆ ಯಲ್ಲಮ್ಮ ಎಲ್ಲಿ? ಅತಿಥಿಗಳಿಗೆ ಕಾಫಿ ಮಾಡುತ್ತ ಹಿಂದಿನ ಕೋಣೆಯಲ್ಲಿದ್ದಳು.

"ಯಲ್ಲಮ್ಮ ಬರೋ ತನಕ ನಾನು ಮುಂದೆ ಓದೋದಿಲ್ಲ," ಎಂದು ವಿಶಾಲಾಕ್ಷಮ್ಮ ಪಟ್ಟಿ ಮಡಿಸಿಟ್ಟರು.

ಗೌಡರ ಮುಖ ಕೆಂಪೇರಿತು. ವಂದನಾರ್ಪಣೆ ಮುಗಿಯದೆ ರಾಷ್ಟ್ರಗೀತೆಯಿಲ್ಲ, ರಾಷ್ಟ್ರಗೀತೆಯಾಗದೆ ವೇದಿಕೆಯ ಮೇಲಿದ್ದವರು ಏಳುವ ಹಾಗಿಲ್ಲ. ಮುಖ್ಯ ಅತಿಥಿಗಳ ಜೀಪು ಸ್ಟಾರ್ಟಾಗಿ ನಿಂತಿದೆ. ಗೌಡರು ಮೈಕ್ ಆಫ್ ಮಾಡೆಂದು ನಜೀರ್ ಸಾಬರಿಗೆ ಸನ್ನೆ ಮಾಡಿದರು. ನಜೀರ್ ಸಾಬರ ಇಬ್ಬರು ಮಕ್ಕಳೂ ಆ ಕಂಬಳಿ ಹೊದ್ದೇ ಬೆಳೆದವರು. "ವೈರು ಬಿಸಿಯಾಗಿದೆ ಗೌಡ್ರೇ, ಈಗ ಮುಟ್ಟಿದ್ರೆ ಶಾಕ್ ಹೊಡೀತದೆ," ಎಂದು ಅವರು ಬೇರೆ ಕಡೆ ತಿರುಗಿ ನಿಂತರು.

ಕೊನೆಗೆ ಧನ್ಯಾ ಮತ್ತವಳ ಗೆಳತಿಯರು ಯಲ್ಲಮ್ಮನನ್ನು ಕೈಹಿಡಿದು ಎಳೆದುಕೊಂಡೇ ಬಂದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ವೇದಿಕೆಯ ಕೆಳಗೇ ನಿಂತಳು, ಮೇಲೆ ಹತ್ತಲಿಲ್ಲ. ವಿಶಾಲಾಕ್ಷಮ್ಮ ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಗೌಡರಿಗೆ ತಿಳಿಯದೆ ಇದ್ದೀತೇ? ಎದ್ದು ಬಂದು, ತಮ್ಮ ಕೊರಳಿನ ಹಾರ ತೆಗೆದು ಯಲ್ಲಮ್ಮನಿಗೆ ಹಾಕಿ, "ನಿನ್ನ ಹೆಸರಿಗೆ ಈ ಟೀಚರ್ ಹದಿಮೂರು ವರ್ಷ ನನ್ನ ಹತ್ರ ಜಗಳ ಆಡಿದಾರೆ ಮಾರಾಯ್ತಿ!" ಎಂದು ಎಲ್ಲರಿಗೂ ಕೇಳುವಂತೆ ನಕ್ಕರು. ಯಲ್ಲಮ್ಮ ತಲೆಯೆತ್ತಿ ಟೀಚರನ್ನು ನೋಡಿದಳು. "ಒಲೆ ಮೇಲೆ ಹಾಲೈತೆ," ಎಂದು ಹೇಳಿ ಹೊರಟುಹೋದಳು. ಉಳಿದ ನಲವತ್ತು ಹೆಸರುಗಳನ್ನು ವಿಶಾಲಾಕ್ಷಮ್ಮ ಒಂದೂ ಬಿಡದೆ ಓದಿದರು, ಒಬ್ಬರೂ ಕೇಳಲಿಲ್ಲ.

ಜನ ಕರಗಿದ ಮೇಲೆ ಅವರು ಹಿಂದಿನ ಕೋಣೆಗೆ ಓಡಿದರು. ಗೆದ್ದ ಸಂಭ್ರಮಕ್ಕೆ ಮುಖ ಅರಳಿತ್ತು. ಯಲ್ಲಮ್ಮ ಪಾತ್ರೆ ಉಜ್ಜುತ್ತಿದ್ದಳು, ಹಾರ ಬಾಗಿಲ ಮೊಳೆಗೆ ನೇತಾಡುತ್ತಿತ್ತು.

"ಹೆಂಗೆ ಯಲ್ಲಮ್ಮ? ಹೇಳೇಬಿಟ್ಟೆ ನೋಡು!"

"ಹೂಂ, ಎಲ್ಲಾರೂ ತಿರುಗಿ ನೋಡಿದ್ರು, ನಾಚ್ಕೆ ಆತು." ಅವಳು ಒಂದು ಪಾತ್ರೆ ಬೋರಲು ಹಾಕಿದಳು. "ಹದಿಮೂರು ವರ್ಷ ಜಗಳ ಆಡಿದ್ರಂತೆ. ನಂಗೊತ್ತೇ ಇರ್ಲಿಲ್ಲ ಟೀಚರಮ್ಮ."

"ಮತ್ತೆ? ಬಿಡ್ತೀನಾ ನಾನು?"

"ನಿಮಗೆ ನನ್ ಕೆಲ್ಸ ಹಿಡಿಸಾಂಗಿಲ್ಲ ಅಂದ್ಕಂಡಿದ್ದೆ. ಹೊಗೆ ಜಾಸ್ತಿ ಆತು, ಅಂಗಿ ವಾಸ್ನೆ ಬರ್ತವೆ ಅಂತ ಬೈಯಾಕೆ ಮಾತ್ರ ಈ ಕ್ವಾಣೆಗೆ ಬರ್ತಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದಳು. "ಮೈಕ್‌ನಾಗೇ ಯಾಕೆ ಹೇಳ್ಬೇಕಿತ್ತು? ನಿಮ್ ಕ್ಲಾಸಿನ ಗ್ವಾಡೆ ಆಚೀಗೇ ಇದ್ನಲ್ಲ ನಾನು."

ವಿಶಾಲಾಕ್ಷಮ್ಮ ಬಾಗಿಲ ಮೊಳೆಯ ಹಾರದ ಕಡೆ ನೋಡಿದರು. ಇಷ್ಟು ವರ್ಷ ಗೌಡರ ಮೇಲೆ, ಕಮಿಟಿಯ ಮೇಲೆ, ಎದ್ದು ಹೋಗುವ ಜನರ ಮೇಲೆ ಕುದಿದ ಸಿಟ್ಟೆಲ್ಲ ಈಗ ತಿರುಗಿ ತಮ್ಮ ಮೇಲೆಯೇ ಬಿತ್ತು. ಥೂ, ಎಂಥ ಹೆಂಗಸು ನಾನು! ವರ್ಷಕ್ಕೆ ನಲವತ್ತು ಜನಕ್ಕೆ 'ಹೃತ್ಪೂರ್ವಕ ವಂದನೆಗಳು' ಎಂದು ಒಪ್ಪಿಸಿದ ನಾಲಿಗೆ ಅದು. ಆಗಲಾದರೂ ಹೇಳಬಹುದಿತ್ತು. ಗೀಟು ಎಳೆಯಲು ಗೌಡರಿರಲಿಲ್ಲ, ಎದುರಿಗೆ ಇದ್ದದ್ದು ಅವಳೊಬ್ಬಳೇ. ಎರಡು ಸಲ ಬಾಯಿ ತೆರೆದರು. ಹೊರಗೆ ಬಂದದ್ದು ಇಷ್ಟೇ:

"ನಾಳೆ ಬಸ್ಸು ಎಷ್ಟು ಗಂಟೆಗೆ ಯಲ್ಲಮ್ಮ?"

"ಆರೂವರೆಗೆ," ಎಂದಳು ಯಲ್ಲಮ್ಮ. "ಅದು ನೀವು ಏಳೋ ಹೊತ್ತಲ್ಲ, ಬರಬ್ಯಾಡಿ."