ಆಗದವರ ಸಾಕ್ಷಿ

ಮಾತಿಗೊಮ್ಮೆ "ಅದಕ್ಕೆ ಆಧಾರವೇನು?" ಎಂದು ಕೇಳುವುದು ನನಗೆ ಅಂಟಿಕೊಂಡಿರುವ ಚಟ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಬೋಧಿಸಿದವನಿಗೆ ತಂಬಾಕಿನ ಬದಲು ಇದು ಹತ್ತಿಕೊಂಡಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾನು ಗೊಣಗಿದಾಗ ನನ್ನ ಹೆಂಡತಿ ಇದೇ ಅಸ್ತ್ರವನ್ನು ನನ್ನ ಮೇಲೆ ತಿರುಗಿಸುತ್ತಾಳೆ. ಕಿತ್ತೂರಿನ ಕೋಟೆ ನೋಡಲು ಬರುವ ನೆಂಟರಿಗೆ ನಾನೇ ಸಂಬಳವಿಲ್ಲದ ಮಾರ್ಗದರ್ಶಿ. ಅವರು ಮೊಬೈಲಿನಲ್ಲಿ ಓದಿಕೊಂಡು ಬಂದ ವೀರಗಾಥೆಗಳಿಗೆಲ್ಲ ಆಧಾರ ಕೇಳಿ ಕೇಳಿ ಅವರ ವಿಹಾರದ ಉಲ್ಲಾಸವನ್ನೆಲ್ಲ ಹಾಳುಗೆಡವಿ ಕಳಿಸುತ್ತೇನೆ. ಈಚೆಗೆ ಆ ಶಬ್ದ ಕಿವಿಗೆ ಬಿದ್ದರೆ ಜನ ಕಿಸೆಗೆ ಕೈಹಾಕಿ ಕಾರ್ಡು ತೆಗೆಯುತ್ತಾರೆ, ಆ ಮಾತು ಬೇರೆ.

ಕಳೆದ ಕ್ರಿಸ್‌ಮಸ್ಸಿನ ಮರುದಿನ ನಮ್ಮ ಓಣಿಯ ರತ್ನವ್ವನವರು ತಟ್ಟೆಯಲ್ಲಿ ಕೇಕು ಹಿಡಿದು ಬಂದರು. ಅರವತ್ತು ದಾಟಿದ ನಿವೃತ್ತ ನರ್ಸು. ಆಸ್ಪತ್ರೆಯಲ್ಲಿ ಜೊತೆಗೆ ದುಡಿದ ಕ್ರೈಸ್ತ ಗೆಳತಿಯೊಬ್ಬರು ಕೊಟ್ಟ ಕೇಕು. ರತ್ನವ್ವನವರದು ತಂದೆಯ ಕಾಲಕ್ಕೆ ಬೌದ್ಧ ದೀಕ್ಷೆ ತೆಗೆದುಕೊಂಡ ಮನೆತನ, ನಮ್ಮದು ವಿಭೂತಿ ಧರಿಸದೆ ಚಹಾ ಕುಡಿಯದ ಶೈವರ ಮನೆ. ಕೇಕು ಯಾರ ಗಂಟಲಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಸರ್, ಒಂದ್ ಮಾತ ಕೇಳ್ತೇನ್ರಿ," ಎಂದರು ಅವರು. "ಯೇಸುಸ್ವಾಮಿ ಖರೇನ ಇದ್ದರೇನ್ರಿ? ಅವರ ಧರ್ಮದ ಪುಸ್ತಕದಾಗ ಐತಿ, ಅದನ್ನ ಬಿಡ್ರಿ. ಹೊರಗಿನವ್ರು ಯಾರರ ಬರದಾರೇನ್ರಿ?"

ನಿವೃತ್ತ ಮಾಸ್ತರನಿಗೆ ಪ್ರಶ್ನೆ ಕೇಳುವುದೆಂದರೆ ಕಟ್ಟಿದ ಎತ್ತಿನ ಹಗ್ಗ ಬಿಚ್ಚಿದಂತೆ. ಇದ್ದಿರಬೇಕೆಂದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ ಎಂದು ಆರಂಭಿಸಿದೆ. ಆತನ ಹೆಸರಿನ ಶಾಸನವಿಲ್ಲ, ನಾಣ್ಯವಿಲ್ಲ. ಬಡಗಿಯ ಮಗನಿಗೆ ಶಾಸನ ಹಾಕಿಸುವವರಾದರೂ ಯಾರು? ಆದರೆ ಎರಡು ಮೂರು ತಲೆಮಾರು ಕಳೆದ ಮೇಲೆ ರೋಮಿನ ಇತಿಹಾಸಕಾರನೊಬ್ಬ, ತನ್ನ ನಗರಕ್ಕೆ ಬೆಂಕಿ ಬಿದ್ದ ಪ್ರಸಂಗವನ್ನು ಬರೆಯುತ್ತ, ಕ್ರೈಸ್ತರ ಮೂಲಪುರುಷನನ್ನು ರೋಮಿನ ಅಧಿಕಾರಿಯೊಬ್ಬ ಮರಣದಂಡನೆಗೆ ಗುರಿಮಾಡಿದನೆಂದು ತಿಳಿಸಿ, ಆ ಮತವನ್ನು ಕೆಟ್ಟ ಮೂಢನಂಬಿಕೆಯೆಂದು ಹಳಿದು ಮುಂದೆ ಹೋಗುತ್ತಾನೆ. ಯಹೂದಿ ಇತಿಹಾಸಕಾರನೊಬ್ಬನ ಗ್ರಂಥದಲ್ಲಿ ಎರಡು ಕಡೆ ಆತನ ಹೆಸರಿದೆ. ಒಂದು ಕಡೆ ಹೊಗಳಿಕೆ ಎಷ್ಟು ದಟ್ಟವಾಗಿದೆಯೆಂದರೆ, ಮುಂದೆ ಪ್ರತಿ ಮಾಡಿದ ಭಕ್ತರು ಅಲ್ಲಿ ಕೈಯಾಡಿಸಿದ್ದಾರೆಂದು ಪಂಡಿತರಿಗೆ ಸಂಶಯ. ಇನ್ನೊಂದು ಕಡೆ ಬೇರೊಬ್ಬನ ಸಾವಿನ ಸುದ್ದಿ ಹೇಳುವಾಗ, ಸತ್ತವನು ಈತನ ಸೋದರ ಎಂದು ಬರೀ ಗುರುತಿಗಾಗಿ ಬಂದು ಹೋಗುತ್ತದೆ. ತೂಕ ಹೆಚ್ಚು ಈ ಎರಡನೆಯದಕ್ಕೇ. ಪವಾಡಗಳನ್ನು ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ಒಬ್ಬ ಮನುಷ್ಯ ಇದ್ದ, ಅವನನ್ನು ಕೊಂದರು, ಇಷ್ಟನ್ನು ಮಾತ್ರ ಹೇಳಬಹುದು. ಮನೆಯವರ ಮಾತು ಪ್ರೀತಿಯ ಮಾತು, ಅದು ಸಾಕ್ಷಿಯಾಗದು. ಆಗದವರು ಆಡಿದ್ದು, ಬಾಯಿತಪ್ಪಿ ಬಂದದ್ದು, ಅದೇ ಗಟ್ಟಿ ಎಂದು ನನ್ನ ಉಪನ್ಯಾಸಕ್ಕೆ ಮಂಗಳ ಹಾಡಿದೆ.

ರತ್ನವ್ವನವರು ಖಾಲಿ ತಟ್ಟೆಯನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದರು. "ಹಂಗಾದ್ರ ನಮ್ಮವ್ವ ಇದ್ದಿದ್ದಕ್ಕ ಸಾಕ್ಷಿನ ಇಲ್ಲ ಬಿಡ್ರಿ ಸರ್," ಎಂದರು.

ಆಗಲೇ ನನಗೆ ಸಂಗತಿ ತಿಳಿದದ್ದು. ರತ್ನವ್ವನವರು ಹಸುಗೂಸಾಗಿದ್ದಾಗಲೇ ತಾಯಿ ನೀಲವ್ವ ತೀರಿಕೊಂಡಿದ್ದರು. ಪಟವಿಲ್ಲ, ಪತ್ರವಿಲ್ಲ, ದಾಖಲೆಗಳಲ್ಲೆಲ್ಲ ಮಲತಾಯಿಯ ಹೆಸರು. ನೀಲವ್ವ ಎಂಬಾಕೆ ಇದ್ದಳೆಂದು ಹೇಳುತ್ತಿದ್ದವರು ತಂದೆಯೊಬ್ಬರೇ, ಅವರೂ ಈಗಿಲ್ಲ. ಹಿಂದಿನ ತಿಂಗಳು ಯಾವುದೋ ಮಾತಿಗೆ ಮಾತು ಬೆಳೆದು ಮಲತಮ್ಮ, "ನಿನ್ನ ನಮ್ಮಪ್ಪ ಎಲ್ಲಿಂದರ ಎತ್ತಿಕೊಂಡು ಬಂದಾನ. ನಿಮ್ಮವ್ವ ಅನ್ನಾಕೀನ್ನ ಯಾರ ನೋಡ್ಯಾರ?" ಎಂದುಬಿಟ್ಟಿದ್ದ. ಸಾವಿರಾರು ಹೆರಿಗೆ ಮಾಡಿಸಿದ ಹೆಂಗಸು ತನ್ನನ್ನು ಹೆತ್ತವಳೊಬ್ಬಳು ಇದ್ದಳೇ ಎಂದು ಈ ವಯಸ್ಸಿನಲ್ಲಿ ನಿದ್ದೆಗೆಟ್ಟಿದ್ದರು. ಅವರು ಕೇಳಿದ್ದು ಯೇಸುವಿನ ನೆಪದಲ್ಲಿ ಇದನ್ನೇ. ನಾನು ಕೇಕು ತಿನ್ನುತ್ತ ಅವರ ತಂದೆಯ ಮಾತನ್ನೂ ಕಡತದಿಂದ ಹೊಡೆದುಹಾಕಿದ್ದೆ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಸಿಟ್ಟು ಬಂದರೆ ನಾನು ಬಸ್ಸು ಹತ್ತುವವನು. ಮರುವಾರವೇ ಇಬ್ಬರೂ ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಹೊರಟೆವು. ನೀಲವ್ವ ಬಾಳುವೆ ಮಾಡಿದ್ದು ಅಲ್ಲೇ, ಆಕೆ ತೀರಿದ ಮೇಲೆ ಕೂಸನ್ನೆತ್ತಿಕೊಂಡು ಆ ಊರು ಬಿಟ್ಟೆ ಎಂದು ತಂದೆ ಹೇಳುತ್ತಿದ್ದರಂತೆ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ದೇವಿಯ ದರ್ಶನಕ್ಕೆ ಉಗರಗೋಳದ ಕಡೆಗೆ ಹೊರಟವರು ಹಣೆತುಂಬ ಭಂಡಾರದ ಅರಿಸಿನ ಬಳಿದುಕೊಂಡು ನುಗ್ಗುತ್ತಿದ್ದರು. ಅವರಲ್ಲೊಬ್ಬರನ್ನೂ ಆಧಾರ ಕೇಳುವ ಧೈರ್ಯ ನನಗಾಗಲಿಲ್ಲ.

ಸಾಲಹಳ್ಳಿಯ ಜನ ಒಳ್ಳೆಯವರು, ನಮಗೆ ತೊಡಕಾದದ್ದು ಅದೇ. ದೂರದಿಂದ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಎಲ್ಲರಿಗೂ ನೀಲವ್ವನ ನೆನಪಾಗತೊಡಗಿತು. ಮುದುಕರೊಬ್ಬರು, "ದೇವಿಯಂಥ ಹೆಣ್ಮಗಳ್ರಿ, ಎತ್ತರದ ಆಳು, ಕೆಂಪನ್ನ ಬಣ್ಣ, ಬಂದವರಿಗೆ ಊಟಾ ಹಾಕದ ಕಳಸ್ತಿದ್ದಿಲ್ಲ," ಎಂದು ಕಣ್ಣೊರೆಸಿಕೊಂಡರು. ರತ್ನವ್ವನವರ ಮುಖ ಅರಳಿತು. ನನ್ನ ಹಾಳು ಚಟ ಬಿಡಬೇಕಲ್ಲ, ಮೆಲ್ಲಗೆ ಕೆದಕಿದೆ. ಮುದುಕರು ನೇಸರಗಿಯಿಂದ ಮನೆಯಳಿಯನಾಗಿ ಆ ಊರಿಗೆ ಬಂದಾಗ ನೀಲವ್ವ ತೀರಿ ಹತ್ತು ವರ್ಷವಾಗಿತ್ತು. ಅರಳಿದ ಮುಖ ಬಾಡುವುದನ್ನು ನೋಡಿ, ಕೇಳದೆ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನನ್ನನ್ನು ನಾನೇ ಬೈದುಕೊಂಡೆ.

ಹಿಂತಿರುಗುವ ದಾರಿಯಲ್ಲಿ, ಆ ಮುದುಕರ ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಜೋಳ ಹಸನು ಮಾಡುತ್ತಿದ್ದಳು. ಗಂಗವ್ವ ಎಂದು ಹೆಸರು. ಇನ್ನು ಆಸೆಯಿಲ್ಲದೆ, ಬರೀ ಕರ್ತವ್ಯವೆಂಬಂತೆ, ನೀಲವ್ವನ ಹೆಸರು ಹೇಳಿದೆ. ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು.

"ಅಕಿ ಹೆಸರ ನನ್ನ ಮುಂದ ತಗೀಬ್ಯಾಡ್ರಿ!" ಎಂದು ಅಜ್ಜಿ ಮುಖ ತಿರುಗಿಸಿದಳು. ತಿರುಗಿಸಿದ ಮುಖದಿಂದಲೇ ಮಾತು ಹೊರಟಿತು. "ಬೀಸಾಕ ಕೂಡಿ ಕುಂತ್ರ ಹಾಡೆಲ್ಲಾ ಅಕೀನ ಹಾಡಬೇಕು, ನಾ ಬರೇ ಅಕಿ ಹಿಂದಿಂದ ಸೊಲ್ಲ ಹಿಡೀಬೇಕು. ಒಂದಿನಾ ನಾಕ ಮಂದಿ ಮುಂದ ನನ್ನ ದನಿಗೆ ಒಡಕ ಗಡಿಗಿ ಅಂದ್ಲು ನೋಡ್ರಿ. ಅವತ್ತ ಮಾತ ಬಿಟ್ಟೆ. ಸೊಕ್ಕರೆ ಎಷ್ಟ ಅಂತೀರಿ! ಹಡದ ಎರಡ ತಿಂಗಳಾಗಿದ್ದಿಲ್ಲ, ಹೆಣ್ಣ ಕೂಸಿನ್ನ ತೊಡಿಮ್ಯಾಲೆ ಹಾಕ್ಕೊಂಡು ಬೀಸಾಕ ಬಂದು ಕುಂತ್ಲು. ಹಿಟ್ಟೆಲ್ಲಾ ಕೂಸಿನ ಮಾರಿಮ್ಯಾಲೆ ಬೀಳಾಕ ಹತ್ತಿತ್ತು, ಅಕೀಗೆ ಹಾಡಿಂದ ಚಿಂತಿ!"

ನನಗೆ ರೋಮಾಂಚನವಾಯಿತು. ಗಂಗವ್ವನಿಗೆ ಕೂಸಿನ ಗೊಡವೆ ಬೇಕಿರಲಿಲ್ಲ. ಆಗದವಳ ಸೊಕ್ಕು ತೋರಿಸಲು ಹೊರಟವಳ ಮಾತಿನ ಸಂದಿಯಲ್ಲಿ ಕೂಸು ತಾನಾಗಿ ಬಂದು ಬಿದ್ದಿತ್ತು. ಕೂಸಿನ ಮುಖದ ಮೇಲಿನ ಹಿಟ್ಟನ್ನು ಯಾರು ತಾನೇ ಕಲ್ಪಿಸಿ ಹೇಳುತ್ತಾರೆ? ಇದನ್ನೆಲ್ಲ ರತ್ನವ್ವನವರಿಗೆ ವಿವರಿಸಬೇಕೆಂದು ತಿರುಗಿದರೆ, ಅವರು ತಮ್ಮ ಕೆನ್ನೆಯನ್ನು ಅಂಗೈಯಿಂದ ಮೆಲ್ಲಗೆ ಮುಟ್ಟಿಕೊಳ್ಳುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ನಾನು ಉಪನ್ಯಾಸವನ್ನು ನುಂಗಿಕೊಂಡೆ.

"ಆ ಕೂಸು ನಾನ್ರಿ, ಯವ್ವಾ," ಎಂದರು ರತ್ನವ್ವನವರು. ಅಜ್ಜಿ ಅವರತ್ತ ತಿರುಗಿ ನೋಡಿದಳು. ರತ್ನವ್ವನವರು ಕಟ್ಟೆಯ ಕೆಳಗೆ ಕುಳಿತು ಅವಳ ಎರಡೂ ಪಾದ ಮುಟ್ಟಿದರು. "ನಮ್ಮವ್ವ ಹಂಗ ಅನ್ನಬಾರದಿತ್ತು. ಅಕಿ ಪರವಾಗಿ ನಾ ತಪ್ಪಾತು ಅಂತೇನ್ರಿ."

ಗಂಗವ್ವ ಕಾಲು ಹಿಂದಕ್ಕೆಳೆದುಕೊಂಡಳು.

"ನೀ ಯಾಕ ಅನ್ನತಿ? ಅಕೀನ ಬಂದು ಅನ್ಲಿ."

ರತ್ನವ್ವನವರು ಅಳುತ್ತ ಅಳುತ್ತಲೇ ನಕ್ಕರು. ಅರವತ್ತು ವರ್ಷಗಳಲ್ಲಿ ಅವರ ತಾಯಿಯನ್ನು ಬರಲಿ ಎಂದವಳು ಗಂಗವ್ವ ಒಬ್ಬಳೇ.